ಹತ್ತು ಕೈಯ ಪೆಟ್ಟಿಗೆ

ರಾಯಾಪುರದ ಕಸ್ತೂರೆವ್ವನ ರೊಟ್ಟಿ ಕೇಂದ್ರದ ಗೋಡೆಯ ಮೇಲೆ 'ಹತ್ತು ಕೈ' ಎಂದಷ್ಟೇ ಬರೆದಿದೆ. ಮದುವೆ ಮನೆಯವರು ಬಂದು ಮೊದಲು ಕೇಳುವುದೂ ಅದನ್ನೇ, ಎಷ್ಟು ಕೈ ತರ್ತೀರಿ ಅಂತ. ಕೈ ಎಂದರೆ ರೊಟ್ಟಿ ಬಡಿಯುವ ಹೆಂಗಸು. ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿರುವಾಗಲೇ ಇನ್ನೊಂದನ್ನು ಬಡಿದು ಅಗಲ ಮಾಡುವವಳು. ಹಿಟ್ಟು ನಾದುವವರು, ಉರಿ ನೋಡುವವರು, ಆರಿದ ರೊಟ್ಟಿ ಜೋಡಿಸುವವರು ಎಷ್ಟು ಜನ ಬಂದರೂ ಕೈಯ ಲೆಕ್ಕಕ್ಕೆ ಸೇರುವುದಿಲ್ಲ. ಯಾರೂ ಬರೆದಿಟ್ಟ ಕಾಯ್ದೆಯಲ್ಲ ಇದು. ಆದರೆ ಮುರಿದವರನ್ನು ಈ ಕಡೆ ಮತ್ತೊಮ್ಮೆ ಯಾರೂ ಕರೆಯುವುದಿಲ್ಲ. ಹಿಂದೊಮ್ಮೆ ಒಬ್ಬರು ಆರು ಕೈ ಎಂದು ಹೇಳಿ ಅದರಲ್ಲಿ ಇಬ್ಬರು ನಾದುವವರನ್ನು ಸೇರಿಸಿಕೊಂಡು ಹೋಗಿದ್ದರು. ರೊಟ್ಟಿ ಸಾಲದೆ ಬೀಗರು ಬರೀ ಎಲೆ ನೋಡುತ್ತ ಕೂತರು. ಹಾಗೆ ಲೆಕ್ಕ ಹೇಳಿದವರ ಹೆಸರನ್ನು ಕಸ್ತೂರೆವ್ವ ಇವತ್ತಿಗೂ ಬಾಯಿಗೆ ತರುವುದಿಲ್ಲ.

ಅವಳ ಅತ್ತೆ ಮುದಕವ್ವ ಕೆಲಗೇರಿಯವಳು. ಎಡಗೈಯ ಎರಡು ಬೆರಳು ಸಣ್ಣವಳಿದ್ದಾಗಲೇ ಸೆಟೆದುಕೊಂಡಿದ್ದರಿಂದ ಅವಳಿಗೆ ಬಡಿಯಲು ಬರುತ್ತಿರಲಿಲ್ಲ. ನಲವತ್ತು ವರ್ಷ ಉರಿ ನೋಡುತ್ತ, ಹಾಡುತ್ತ ಕೂತಳು. ಹೋದ ವರ್ಷ ತೀರಿಕೊಂಡಳು. ಬರುವ ರವಿವಾರ ಅವಳ ವರ್ಷದ ದಿನ.

ಅವಳ ದನಿ ಉಳಿದಿರುವುದು ಒಂದೇ ಕಡೆ. ಮೊಮ್ಮಗಳು ಕರುಣಾ ಒಂದು ಮಧ್ಯಾಹ್ನ ಕೇಂದ್ರದಲ್ಲಿ ಹಳೆಯ ಮೊಬೈಲಿನಲ್ಲಿ ಹಿಡಿದುಕೊಂಡದ್ದು. ಅದರಲ್ಲಿ ಹತ್ತು ಗ್ಯಾಸ್ ಒಲೆಗಳ ಭುಸುಭುಸು ಸದ್ದೇ ತುಂಬಿದೆ. ಮುದುಕಿ ಎಲ್ಲೋ ಬಾವಿಯ ತಳದಲ್ಲಿ ಕೂತು ಹಾಡಿದಂತೆ ಕೇಳುತ್ತದೆ, ಮಾತು ಗುರುತು ಹತ್ತುವುದಿಲ್ಲ. ಕರುಣಾ ಈಗ ಸಾಲಿಯಲ್ಲಿ ಟೀಚರು. ಒಲೆಯ ಸದ್ದನ್ನು ಸೋಸಿ ದನಿಯನ್ನಷ್ಟೇ ತೆಗೆಯುವ ಹಿಕಮತ್ತು ಕಂಪ್ಯೂಟರಿನಲ್ಲಿ ಇದೆಯೆಂದು ತಿಳಿದು, ರವಿವಾರ ಮನೆಯವರಿಗೆಲ್ಲ ಅದನ್ನು ಕೇಳಿಸಬೇಕೆಂದು ಧಾರವಾಡದ ಒಂದು ಅಂಗಡಿಯಿಂದ ಹೊಸ ಲ್ಯಾಪ್‌ಟಾಪು ತಂದಳು. ಅಂಗಡಿಯ ಬೋರ್ಡಿನ ಮೇಲೆ ಎಮ್ಮೆಯಷ್ಟು ದೊಡ್ಡ ಅಕ್ಷರದಲ್ಲಿ 'ಹತ್ತು ಕೋರ್' ಎಂದಿತ್ತು.

"ಕೋರ್ ಅಂದ್ರ ಏನವಾ?" ಎಂದು ಕಸ್ತೂರೆವ್ವ ಕೇಳಿದ್ದಳು.

"ಒಳಗ ಕೆಲಸ ಮಾಡೋ ಕೈ ಅಂತ ತಿಳ್ಕೋ ಯವ್ವಾ."

ಅಷ್ಟು ಸಾಕಾಯಿತು ಅವಳಿಗೆ. ತನ್ನ ಕೇಂದ್ರದಲ್ಲಿ ಹತ್ತು, ಇದರೊಳಗೂ ಹತ್ತು. ಮಧ್ಯಾಹ್ನ ಕೆಲಸ ಮುಗಿಸಿ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಕಣ್ಣು ಮುಚ್ಚಿದರೆ ಒಳಗೆ ಬೆರಳಿನಷ್ಟು ಎತ್ತರದ ಹತ್ತು ಹೆಂಗಸರು ಸಾಲಾಗಿ ಕೂತಿರುತ್ತಿದ್ದರು. ಬಳೆ ಮೇಲಕ್ಕೆ ಸರಿಸಿಕೊಂಡು ಬಡಿಯುತ್ತಿದ್ದರು. ಒಂದೊಂದು ರೊಟ್ಟಿ ಉಬ್ಬಿ ಒಡೆದಾಗಲೂ ಅದರ ಹಬೆಯಲ್ಲಿ ಅತ್ತೆಯ ಹಾಡಿನ ಒಂದು ಚೂರು ಹೊರಗೆ ಬರುತ್ತಿತ್ತು.

ಲ್ಯಾಪ್‌ಟಾಪು ಹಿಂದಕ್ಕೆ ಕೊಡಬೇಕಾದರೆ ಏಳು ದಿನದೊಳಗೆ ಕೊಡಬೇಕೆಂಬುದು ಅಂಗಡಿಯವರ ಕರಾರು. ಏಳನೆಯ ದಿನ ಶುಕ್ರವಾರ. ಅವತ್ತು ಬೆಳಿಗ್ಗೆ ಕರುಣಾ ಸೋಸುವ ಕೆಲಸ ಹಚ್ಚಿ, "ಯವ್ವಾ, ಇದನ್ನ ಮುಟ್ಟಬ್ಯಾಡ. ನೂರು ಆಗೋತನ ನಡೀಲಿ" ಎಂದು ಹೇಳಿ ಸಾಲಿಗೆ ಹೋದಳು. ಪರದೆಯ ಮೇಲೆ ಅಂಕಿ ಆಮೆಯಂತೆ ಏರುತ್ತಿತ್ತು.

ಅಂಕಿ ನಲವತ್ತಕ್ಕೆ ಬಂದಾಗ ಮಾನಸಿ ರೊಟ್ಟಿಗೆ ಬಂದಳು. ಪಕ್ಕದ ಓಣಿಯ ಹುಡುಗಿ, ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕಸ್ತೂರೆವ್ವ ಹೆಮ್ಮೆಯಿಂದ, "ನೋಡವಾ, ಹತ್ತು ಕೈ ಅದಾವು ಇದರಾಗ" ಎಂದಳು. ಮಾನಸಿ ಲ್ಯಾಪ್‌ಟಾಪು ಬಂದಿದ್ದ ಡಬ್ಬಿ ತಿರುಗಿಸಿ ನೋಡಿದಳು.

"ಹತ್ತೂ ಒಂದ ನಮೂನಿ ಇಲ್ರಿ ಕಾಕೂ. ಇಲ್ಲೆ ಸಣ್ಣ ಅಕ್ಷರದಾಗ ಬರದಾರ. ದೊಡ್ಡವು ಎರಡು, ಸಣ್ಣವು ಎಂಟು."

"ಸಣ್ಣವು ಅಂದ್ರ?"

"ಅವು ಸ್ವಲ್ಪ ಸಾವಕಾಶ ಕೆಲಸ ಮಾಡ್ತಾವ್ರಿ. ಕರೆಂಟ್ ಕಡಿಮಿ ತಗೋತಾವು. ಹಿಂದಿನ ಸಣ್ಣಪುಟ್ಟ ಕೆಲಸ ಎಲ್ಲಾ ನೋಡ್ಕೋತಾವು."

"ಅಂದ್ರ ನಾದೋವು, ಉರಿ ನೋಡೋವು."

"ಹಂಗಂದ್ರೂ ನಡೀತದ," ಎಂದು ಮಾನಸಿ ನಕ್ಕಳು.

ಕಸ್ತೂರೆವ್ವ ನಗಲಿಲ್ಲ. ಅವಳ ಕಿವಿಯ ತುದಿ ಬಿಸಿಯಾಯಿತು. ಎರಡು ಕೈ ಕೊಟ್ಟು ಹತ್ತು ಎಂದು ಬೋರ್ಡು ಬರೆಯುವುದೇ? ತನ್ನ ಕೇಂದ್ರದ ಗೋಡೆಗೆ ಹೀಗೆ ಬರೆದಿದ್ದರೆ ಜನ ಸುಮ್ಮನೆ ಬಿಡುತ್ತಿದ್ದರೇ? ಮುಟ್ಟಬೇಡ ಎಂದ ಮಗಳ ಮಾತು ಆ ಸಿಟ್ಟಿನಲ್ಲಿ ಎಲ್ಲಿ ಹಾರಿಹೋಯಿತೋ. ಲ್ಯಾಪ್‌ಟಾಪನ್ನು ದಪ್ಪೆಂದು ಮಡಚಿದಳು, ರೊಟ್ಟಿ ಕಟ್ಟುವ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು, ಧಾರವಾಡಕ್ಕೆ ಹೋಗುವ ಚಿಗರಿ ಎಂಬ ಏಸಿ ಬಸ್ಸು ಹತ್ತಿದಳು.

ಬಸ್ಸಿನೊಳಗಿನ ತಂಪಿಗೆ ಸಿಟ್ಟು ಆರಿ ಜೋಂಪು ಬಂತು. ಗಂಟು ತೊಡೆಯ ಮೇಲೆ ಬೆಚ್ಚಗಿತ್ತು. ಒಳಗಿನ ಸಾಲು ಮತ್ತೆ ಕಂಡಿತು. ಈಗ ಇಬ್ಬರೇ ಬಡಿಯುತ್ತಿದ್ದರು. ಉಳಿದ ಎಂಟು ಜನ ಮುಖ ಆ ಕಡೆ ಮಾಡಿ ಕೂತಿದ್ದರು. ಅವರಲ್ಲಿ ಒಬ್ಬಳ ಬೆನ್ನು ಎಲ್ಲೋ ನೋಡಿದಂತಿತ್ತು. ಯಾರದು ಎಂದು ಬಗ್ಗಿ ನೋಡುವಷ್ಟರಲ್ಲಿ ಇಳಿಯುವ ಸ್ಟಾಪು ಬಂತು.

ಅಂಗಡಿಯ ಮಾಲಕ ಅತುಲ ಊಟದ ಡಬ್ಬಿ ತೆರೆಯುತ್ತಿದ್ದ. ಕಸ್ತೂರೆವ್ವ ಗಂಟನ್ನು ಅವನ ಮುಂದೆ ಇಟ್ಟಳು.

"ಎಂಟು ನಾದೋವು ಕೊಟ್ಟು ಹತ್ತು ಕೈ ಅಂತ ಬರದೀರಲ್ಲ, ಏನ್ ಅನ್ನಬೇಕು ನಿಮಗ?"

ಅತುಲನಿಗೆ ತಲೆಬುಡ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದ ಮೇಲೆ ಡಬ್ಬಿಯ ಮುಚ್ಚಳ ಹಾಕಿ ಮೆಲ್ಲಗೆ ಅಂದ, "ನಾ ಸುಳ್ಳು ಬರದಿಲ್ರಿ ಅಕ್ಕಾರ. ಹತ್ತು ಅದಾವು. ಕಂಪನಿಯವರು ಹಂಗ ಎಣಸ್ತಾರ."

"ಅವರು ಎಣಸ್ತಾರ ಅಂತ ನೀವೂ ಎಣಸ್ತೀರೇನು? ವಾಪಸ್ ತಗೋರಿ."

ವಾಪಸು ತೆಗೆದುಕೊಳ್ಳುವ ಮುನ್ನ ತೆರೆದು ನೋಡಬೇಕು. ಅದು ಬೆರಳ ಗುರುತು ಕೇಳಿತು. ಕರುಣಾ ತನ್ನ ಬೆರಳಿನ ಜೊತೆ ತಾಯಿಯದನ್ನೂ ಹಾಕಲು ನೋಡಿ ಸೋತಿದ್ದಳು. ಮೂವತ್ತು ವರ್ಷ ಕಾದ ಹಂಚು ಮುಟ್ಟಿದ ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ.

"ಅಕ್ಷರ ಒತ್ತಿದ್ರೂ ತೆರೀತೈತಂತ," ಎಂದು ಕಸ್ತೂರೆವ್ವ ಅತ್ತ ನೋಡುತ್ತ ಹೇಳಿದಳು. "ಮುದಕವ್ವ ಅಂತ ಒತ್ರಿ. ನಮ್ಮತ್ತಿ ಹೆಸರು."

ಪರದೆ ಬೆಳಗಿತು. ಅಂಕಿ ನಲವತ್ತರಲ್ಲೇ ಕಾಯುತ್ತಿತ್ತು. ಒಂದು ಕ್ಷಣ ಬಿಟ್ಟು ನಲವತ್ತೊಂದಾಯಿತು.

"ಇದು ಏನೋ ಕೆಲಸ ನಡಸೈತ್ರಿ," ಎಂದ ಅತುಲ. "ವಾಪಸ್ ತಗೊಂಡ್ರ ನಾ ಒಳಗಿಂದೆಲ್ಲಾ ಅಳಸಬೇಕಾಗತೈತಿ. ನಿಲ್ಲಸಲೇನು, ಮುಗೀಲೇನು?"

ಕಸ್ತೂರೆವ್ವನಿಗೆ ಆಗ ರವಿವಾರದ ನೆನಪಾಯಿತು. ಮಗಳ ಮಾತೂ ನೆನಪಾಯಿತು. ಸ್ಟೂಲು ಎಳೆದುಕೊಂಡು ಕೂತಳು.

"ಮುಗೀಲಿ. ಮುಗದ ಮ್ಯಾಲೆ ನಿಮ್ಮನ್ನ ನೋಡ್ಕೋತೇನಿ."

ಒಳಗಿನ ಒಂದೊಂದು ಕೋರಿನ ಕೆಲಸ ತೋರಿಸಲು ಅತುಲ ಏನೋ ಒತ್ತಿದ. ಪರದೆಯ ಮೇಲೆ ಚೌಕ ಚೌಕ ಮನೆಗಳು ಮೂಡಿದವು. ಪ್ರತಿ ಮನೆಯಲ್ಲೂ ನೀಲಿ ಗೆರೆಯೊಂದು ಏರಿ ಇಳಿಯುತ್ತಿತ್ತು. ಕಸ್ತೂರೆವ್ವ ಎಣಿಸಿದಳು. ಮತ್ತೆ ಎಣಿಸಿದಳು.

"ಹನ್ನೆರಡು ಅದಾವಲ್ಲ?"

"ದೊಡ್ಡವು ಎರಡೂ ಒಮ್ಮೆಗೆ ಎರಡೆರಡು ಕೆಲಸ ಹಿಡೀತಾವ್ರಿ. ಅದಕ್ಕ ನಾಕು ಇದ್ದಂಗ ಕಾಣ್ತಾವು. ಹನ್ನೆರಡು ಅಂತ ಬರಿಯೋ ಅಂಗಡಿನೂ ಅದಾವು."

"ಒಂದು ರೊಟ್ಟಿ ಹಂಚಿನ ಮ್ಯಾಲೆ, ಇನ್ನೊಂದು ಕೈಯಾಗ," ಎಂದು ಅವಳು ತನ್ನಷ್ಟಕ್ಕೆ ಅಂದಳು. "ಮತ್ತ ಈ ಎಂಟು?"

"ನೋಡ್ರಿ, ಅವೂ ಬಿಡುವಿಲ್ಲದ ದುಡ್ಯಾಕತ್ತಾವು."

ಖರೆ, ದುಡಿಯುತ್ತಿದ್ದವು. ಎಂಟೂ ಗೆರೆಗಳು ತುದಿಗೆ ಹತ್ತಿ ನಡುಗುತ್ತಿದ್ದವು, ಗಾಳಿಗೆ ಸಿಕ್ಕ ಉರಿಯ ನಾಲಿಗೆಯಂತೆ. ಅತುಲ ಚಹಾ ತರಿಸಿದ. ಅದು ಆರಿ ಕೆನೆ ಕಟ್ಟಿದರೂ ಅವಳು ಮುಟ್ಟಲಿಲ್ಲ. ಹೊರಗೆ ಬಿಸಿಲು ಅಂಗಡಿಯ ಮೆಟ್ಟಿಲು ಇಳಿದು ರಸ್ತೆಯ ಆಚೆಗೆ ಹೋಯಿತು. ಅರವತ್ತು ಆಯಿತು, ಎಂಬತ್ತು ಆಯಿತು. ನೋಡುತ್ತ ನೋಡುತ್ತ ನೀಲಿ ಬಣ್ಣ ಅವಳ ಕಣ್ಣಿನಲ್ಲಿ ಕೆಲಗೇರಿ ಕೆರೆಯ ನೀರಾಯಿತು. ದಂಡೆಯ ಮೇಲೆ ಯಾರೋ ರೊಟ್ಟಿಯ ಅರಿವೆ ಒಗೆಯುತ್ತಿದ್ದರು. ಎಡಗೈಯ ಎರಡು ಬೆರಳು ಸೆಟೆದಿದ್ದವು.

ನೂರಾಯಿತು. ಅತುಲ ಕೇಳದೆಯೇ ಒತ್ತಿದ.

ಒಲೆಯ ಸದ್ದು ಇರಲಿಲ್ಲ. ಮುದಕವ್ವ ಅಂಗಡಿಯೊಳಗೇ ಕೂತು ಹಾಡಿದಳು. ಒಂದು ಹಾಡು ಅರ್ಧಕ್ಕೆ ನಿಂತಿತು, ಬಳೆ ಸದ್ದಾಯಿತು, ಆಮೇಲೆ ಬರಿಯ ಮಾತು: "ಕಸ್ತೂರೀ, ನಿನ್ನ ಒಲಿ ಉರಿ ಸಣ್ಣಾತು. ನೀ ಏಳಬ್ಯಾಡವಾ, ಕೂಡು. ನಾ ನೋಡ್ತೇನಿ."

ಅಷ್ಟು ವರ್ಷಗಳಲ್ಲಿ ಈ ಮಾತನ್ನು ಅತ್ತೆ ದಿನಕ್ಕೆ ಎಷ್ಟು ಸಲ ಹೇಳಿರಬೇಕು. ತಾನು ಒಂದು ಸಲವೂ ಎದ್ದಿರಲಿಲ್ಲ. ಆ ಹಾಡುವ ಮುದುಕಿಯನ್ನು ಯಾವ ಮದುವೆಯಲ್ಲೂ ಕೈಯೆಂದು ಎಣಿಸಿರಲಿಲ್ಲ.

ಕಸ್ತೂರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಲ್ಯಾಪ್‌ಟಾಪನ್ನು ಈ ಸಲ ಮೆಲ್ಲಗೆ ಮಡಚಿ ಅರಿವೆಯಲ್ಲಿ ಕಟ್ಟಿದಳು.

"ಹಂಗಾರ ಇಟ್ಕೋತೀರೇನ್ರಿ?"

"ಇಟ್ಕೋತೇನಿ. ಆದ್ರ ನಿಮ್ಮ ಬೋರ್ಡು ತಪ್ಪ ಐತಿ. ದೊಡ್ಡವು ಎರಡು, ಸಣ್ಣವು ಎಂಟು ಅಂತ ಬರೀರಿ. ನನ್ನ ಮುಂದ ಬರೀರಿ."

ಅತುಲ ಬರೆದ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ, ಎಂಟು ಎಂಬುದು ಸಣ್ಣದಾಯಿತೆಂದು ಮತ್ತೊಮ್ಮೆ ದಪ್ಪಗೆ ಬರೆಸಿ, ಮೆಟ್ಟಿಲಿಳಿದಳು.

ತಿರುಗಿ ಬರುವ ಬಸ್ಸಿನಲ್ಲಿ ಫೋನು ಬಂತು. ತಾರಿಹಾಳದ ಕಡೆಯ ಮದುವೆ.

"ಎಷ್ಟು ಕೈ ತರ್ತೀರಿ ಕಸ್ತೂರೆವ್ವಾರ?"

ಅವಳು ಗಂಟಿನ ಮೇಲೆ ಅಂಗೈ ಇಟ್ಟಳು. ಇನ್ನೂ ಬೆಚ್ಚಗಿತ್ತು.

"ಬಡಿಯೋವು ಹತ್ತು. ನಾದೋವು ಮೂರು. ಉರಿ ನೋಡೋವು ಎರಡು."

"ಅಂದ್ರ ಹದಿನೈದು ಅಂತ ಬರ್ಕೊಳ್ಲೇನ್ರಿ?"

"ಹದಿನೈದು ಅಂತ ಬರಿಬ್ಯಾಡ್ರಿ," ಎಂದಳು ಕಸ್ತೂರೆವ್ವ. "ನಾ ಹ್ಯಾಂಗ ಹೇಳೇನಿ, ಹಂಗ ಬರ್ಕೋರಿ."