ಎಣಿಸಬಾರದ ಲೆಕ್ಕ

ಮೊನ್ನೆ ಹನೂರಿನಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಬಸ್ಸು ಹೊರಡುವ ಹೊತ್ತಿಗೆ ನಡುವಯಸ್ಸಿನ ಆಸಾಮಿಯೊಬ್ಬ ರೇಷ್ಮೆಗೂಡಿನ ದೊಡ್ಡ ಚೀಲ ಎಳೆದುಕೊಂಡು ಹತ್ತಿದ. ಬೇರೆಲ್ಲೂ ಜಾಗ ಕಾಣಲಿಲ್ಲವೇನೋ, ತಂದು ನನ್ನ ಕಾಲ ಬುಡದಲ್ಲೇ ಇಟ್ಟ. ಗೂಡಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಹಸಿ ಸೊಪ್ಪು, ಹುಳ, ಬೆವರು ಎಲ್ಲ ಕಲಸಿದ ಹಾಗೆ ಒಂದು ಗಾಢ ವಾಸನೆ. ಮುಂದಿನ ಸೀಟಿನ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನಾನೋ, ಯಾರಾದರೂ ನೋಡಿದರೆ ಏನಂದುಕೊಂಡಾರು ಎಂಬ ಪರಿವೆಯೂ ಇಲ್ಲದೆ ಎದೆ ತುಂಬ ಉಸಿರೆಳೆದುಕೊಂಡೆ.

ಚೀಲದ ಯಜಮಾನ ನನ್ನ ಮುಖವನ್ನೇ ನೋಡುತ್ತಿದ್ದ. "ಲೆಕ್ಕದ ಮೇಡಮ್ಮೋರಲ್ವಾ? ಗೊತ್ತಾಗ್ನಿಲ್ವಾ? ನಾನು ನಿಮ್ಮ ಕ್ಲಾಸಲ್ಲೇ ಓದ್ದೋನು ಕಣ್ರಿ" ಅಂದ. ಗೊತ್ತಾಗಲಿಲ್ಲ, ಆದರೂ ಗೊತ್ತಾಯಿತು ಅಂದೆ. ಆಮೇಲೆ ಅವನೊಂದು ಪ್ರಶ್ನೆ ಕೇಳಿದ. ಅದು ಹಾಗಿರಲಿ, ಕೊಳ್ಳೇಗಾಲ ಇನ್ನೂ ದೂರವಿದೆ. ಈ ವಾಸನೆ ನನಗೆ ಹಿಡಿಸಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಯಳಂದೂರಿನಲ್ಲಿ, ಮಕ್ಕಳನ್ನು ಹೆದರಿಸಿದ್ದು ಕೊಳ್ಳೇಗಾಲದಲ್ಲಿ. ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿದ್ದೆ. ಎಣಿಸುವುದು ನನಗೆ ಕೆಲಸವಲ್ಲ, ಚಟ. ಮದುವೆ ಊಟಕ್ಕೆ ಕೂತರೆ ಸಾಲಿನಲ್ಲಿ ಎಷ್ಟು ಎಲೆ ಬಿದ್ದಿವೆ ಅಂತ ಎಣಿಸುತ್ತೇನೆ. ದೇವಸ್ಥಾನಕ್ಕೆ ಹೋದರೆ ಕಂಬ ಎಣಿಸುತ್ತೇನೆ. "ನೀನು ಕಣ್ಣು ಮುಚ್ಚಿ ಕೈ ಮುಗಿದಾಗಲೂ ಒಳಗೆ ಮಗ್ಗಿ ಓಡ್ತಾ ಇರುತ್ತೆ" ಅಂತ ನಮ್ಮ ಮನೆಯವರು ರೇಗಿಸುತ್ತಾರೆ. ನಿವೃತ್ತಿಯಾದ ಮೇಲೆ ಎಣಿಸಲು ಮಕ್ಕಳ ತಲೆಗಳಿಲ್ಲದೆ ಕೈ ಕಟ್ಟಿ ಹಾಕಿದಂತಾಗಿತ್ತು. ಆಗ ಬಂದವಳು ಶೈಲಜಾ.

ಶೈಲಜಾ ನನ್ನ ಹಳೇ ಶಿಷ್ಯೆ, ಬಂಡಳ್ಳಿಯ ಬೇಸಾಯಗಾರರ ಮನೆಗೆ ಸೊಸೆಯಾಗಿ ಹೋದವಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸಿಂಚನ, ಆಗ ಒಂಬತ್ತು ವರ್ಷ. ಚಿಕ್ಕವಳು ಚುಕ್ಕಿ, ಆರು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಓದಿಕೊಂಡು ಹಾಯಾಗಿದ್ದ ಸಿಂಚನ, ಶಾಲೆ ಮತ್ತೆ ತೆರೆದ ಮೇಲೆ ಗಣಿತದ ಪೀರಿಯಡ್ ಇರುವ ದಿನವೆಲ್ಲ ಬೆಳಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದಳಂತೆ. ಡಾಕ್ಟರಿಗೆ ತೋರಿಸಿದರು, ದೇವರಿಗೆ ಹರಕೆ ಹೊತ್ತರು. ಕಡೆಗೆ ಬಿ.ಎಡ್. ಓದಿಕೊಂಡಿದ್ದ ಶೈಲಜಾ ಗಟ್ಟಿ ಮನಸ್ಸು ಮಾಡಿ, ಇಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆಂದು ಕೂತಳು. ಕನ್ನಡ, ಇಂಗ್ಲಿಷು, ವಿಜ್ಞಾನ ಎಲ್ಲ ಸಲೀಸಾಗಿ ಹೋಯಿತು. ಗಣಿತದ ಪುಸ್ತಕ ತೆಗೆದರೆ ಮಾತ್ರ ಹುಡುಗಿಗೆ ಹೊಟ್ಟೆನೋವು.

"ನಮ್ಮತ್ತೆ ಮುಂದಿನ ಜೂನ್‌ವರೆಗೆ ಗಡುವು ಕೊಟ್ಟಿದ್ದಾರೆ ಮೇಡಂ. ಅಷ್ಟರಲ್ಲಿ ಲೆಕ್ಕ ಬರಲಿಲ್ಲ ಅಂದ್ರೆ ಮೈಸೂರಿನ ಹಾಸ್ಟೆಲ್ಲಿಗೆ ಹಾಕೋದು ಅಂತ. ಇವರೂ ಹೂಂ ಅಂದಿದ್ದಾರೆ. ನನ್ನ ಮಗಳು ಅಲ್ಲಿ ಬದುಕಲ್ಲ ಮೇಡಂ" ಅಂದವಳ ಕಣ್ಣಲ್ಲಿ ನೀರಿತ್ತು. ನಾನು ಇಂಥದ್ದಕ್ಕೆಲ್ಲ ಕರಗುವವಳಲ್ಲ ಅಂತ ಹೆಸರು ಮಾಡಿದವಳು. ಆದರೂ ಮುಂದಿನ ಶನಿವಾರ ಹನೂರಿನ ಬಸ್ಸು ಹತ್ತಿ, ಅಲ್ಲಿ ಇಳಿದು ಬಂಡಳ್ಳಿಯ ಬಸ್ಸು ಹಿಡಿದೆ.

ಜಗಲಿಯಲ್ಲಿ ಶೈಲಜಾಳ ಅತ್ತೆ ಮಹದೇವಮ್ಮ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಹಣೆಯಲ್ಲಿ ವಿಭೂತಿ, ಕೈ ತುಂಬ ಹಸಿರು ಬಳೆ, ಮಾತು ಖಡಕ್ಕು. ಮಾತಿಗೆ ಇರಲಿ ಅಂತ "ಎಷ್ಟು ಜನ ಮೊಮ್ಮಕ್ಕಳು?" ಅಂತ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನೆ ತುಂಬ ಅವೆ" ಅಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು. ಇದೆಂಥ ಉತ್ತರ! ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ.

ಸಿಂಚನ ನನ್ನನ್ನು ನೋಡಿದವಳೇ ಅಮ್ಮನ ಬೆನ್ನ ಹಿಂದೆ ಸೇರಿಕೊಂಡಳು. ಚುಕ್ಕಿ ಮಾತ್ರ ನನ್ನ ಕೈ ಹಿಡಿದು, "ಹುಳ ತೋರಿಸ್ತೀನಿ ಬನ್ನಿ ಮಿಸ್, ಕಾಲು ತೊಳ್ಕೊಂಡು ಬರ್ಬೇಕು" ಅಂತ ಎಳೆದುಕೊಂಡು ಹೋದಳು. ಅವರದು ರೇಷ್ಮೆ ಮನೆತನ. ಹಿತ್ತಿಲಲ್ಲೇ ಹುಳದ ಮನೆ. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣಗೆ ಮಳೆ ಹಿಡಿದ ಹಾಗೆ. ಎಂಥ ಒಳ್ಳೇ ಪಾಠ ಸಿಕ್ಕಿತು ಅಂತ ನನಗೆ ಖುಷಿಯೋ ಖುಷಿ. ಬಾಗಿಲಲ್ಲಿ ನಿಂತಿದ್ದ ಸಿಂಚನಳನ್ನು ಕರೆದು, ಬೆರಳು ಮಾಡಿ, ದೊಡ್ಡ ದನಿಯಲ್ಲಿ ಶುರುಮಾಡಿದೆ: "ಈ ಮೂಲೇಲಿ ಎಷ್ಟು ಹುಳ ಇವೆ ನೋಡೋಣ. ಒಂದು, ಎರಡು, ಮೂರು, ನಾಲ್ಕು..."

"ಅಯ್ಯೋ! ಎಣಿಸ್ಬೇಡಿ! ನಿಲ್ಲುಸ್ರೀ!"

ಮಹದೇವಮ್ಮ ಓಡಿಬಂದು ನನ್ನ ರಟ್ಟೆ ಹಿಡಿದು ಹೊರಗೆಳೆದರು. "ಜೀವ ಇರೋವ್ನ ಎಣಿಸ್ತಾರಾ? ಎಣಿಸ್ದದ್ದು ಕಮ್ಮಿ ಆಯ್ತದೆ, ಕಣ್ಣಾಯ್ತದೆ! ಇಷ್ಟು ಓದಿ ಇದೂ ತಿಳೀದಾ ಮೇಡಮ್ಮೋರೆ?" ಹುಳಕ್ಕೆ ಹೊಗೆ ಆಗುವುದಿಲ್ಲವೆಂದು ಅಂಗಳದ ಆಚೆ ತುದಿಗೆ ಕರೆದುಕೊಂಡು ಹೋಗಿ ನನ್ನನ್ನೇ ನಿಲ್ಲಿಸಿದರು. ಉಪ್ಪು ಮೆಣಸಿನಕಾಯಿ ಮುಷ್ಟಿ ಹಿಡಿದು ಹುಳದ ಮನೆ ಕಡೆಗೊಮ್ಮೆ, ನನ್ನ ತಲೆಗೊಮ್ಮೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬರಲಿಲ್ಲ ಅಂದರೆ ದೃಷ್ಟಿ ಬಲವಾಗಿ ತಾಗಿದೆ ಅಂತ ಅರ್ಥ. ದೇವರ ದಯ, ನಾನು ಸೀನಿದ್ದೇ ಸೀನಿದ್ದು, ಕೆಮ್ಮಿದ್ದೇ ಕೆಮ್ಮಿದ್ದು. "ಸದ್ಯ, ಅಷ್ಟೇನಿಲ್ಲ" ಅಂತ ನನ್ನನ್ನು ಬಿಟ್ಟರು. ಊರಿನ ಅರ್ಧ ಮಕ್ಕಳನ್ನು ನಡುಗಿಸಿದ ಹೆಂಗಸು ಮೂಗು ಒರೆಸಿಕೊಳ್ಳುತ್ತ ಜಗಲಿಗೆ ಬಂದು ಕೂತೆ.

ಆಗ ನಕ್ಕಳು ನೋಡಿ ಸಿಂಚನ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದುಕೊಂಡು, ಭುಜ ಕುಣಿಸಿಕೊಂಡು ನಕ್ಕಳು. ಲೆಕ್ಕದ ಮಿಸ್ಸಿಗೇ ಲೆಕ್ಕ ತಪ್ಪಾದದ್ದನ್ನು ಅವಳು ಜೀವನದಲ್ಲಿ ಮೊದಲ ಸಲ ಕಂಡಿದ್ದಳು. ಹತ್ತಿರ ಬಂದು, "ಎಣಿಸೋ ಹಾಗಿಲ್ಲ ಅಂದ್ರೆ ಲೆಕ್ಕಾನೂ ಇಲ್ಲ ಅಲ್ವಾ ಮಿಸ್?" ಅಂತ ಮೆಲ್ಲಗೆ ಕೇಳಿದಳು.

"ಎಣಿಸದೇನೇ ತಿಳ್ಕೊಳ್ಳೋಕೆ ಆಗುತ್ತಾ ನೋಡೋಣ" ಅಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದೆ ಅಷ್ಟೆ. ಆದರೆ ಅದೇ ನಮ್ಮ ಶನಿವಾರದ ಆಟವಾಯಿತು. ಒಂದು ಗುಡ್ಡೆ ಹುಣಸೆಬೀಜ, ಒಂದು ಗುಡ್ಡೆ ಮೆಣಸಿನಕಾಯಿ. ಎಣಿಸದೆ ಯಾವುದು ಹೆಚ್ಚು ಹೇಳಿ. ಚುಕ್ಕಿ ಒಂದು ಬೀಜಕ್ಕೆ ಒಂದು ಮೆಣಸಿನಕಾಯಿ ಜೋಡಿ ಮಾಡುತ್ತ ಹೋಗಿ, ಕೊನೆಗೆ ಉಳಿದ ಬೀಜಗಳನ್ನು ನೋಡಿ "ಪಾಪ, ಇವಕ್ಕೆ ಮದುವೆ ಆಗ್ಲಿಲ್ಲ" ಅಂದಳು. ನೆರಳು ಅಳೆದು ತೆಂಗಿನಮರದ ಎತ್ತರ ಹೇಳಿದೆವು. ಸೊಪ್ಪಿನ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ ಜಗಳವಾಡಿ, ಆಮೇಲೆ ತಕ್ಕಡಿಗೆ ಹಾಕಿದೆವು. ಹೊಟ್ಟೆನೋವಿನ ಸುದ್ದಿ ಇಲ್ಲ. ಆದರೆ ಪುಸ್ತಕ ತೆಗೆದರೆ ಸಿಂಚನಳ ಮುಖ ಬಾಡುತ್ತಿತ್ತು. ಮಹದೇವಮ್ಮ ಜಗಲಿಯಿಂದಲೇ ನೋಡಿ, "ಇದೇನ್ ಲೆಕ್ಕವೋ, ಬರೀ ಆಟ" ಅಂತ ಗೊಣಗುತ್ತಿದ್ದರು. ಬೇಸಿಗೆ ಬಂತು. ಶೈಲಜಾಳ ಗಂಡ ಹಾಸ್ಟೆಲ್ಲಿಗೆ ಫೋನು ಮಾಡಿ ವಿಚಾರಿಸಿದ್ದೂ ಆಯಿತು.

ಆ ಬೇಸಿಗೆಯಲ್ಲೇ ಮನೆಯಲ್ಲಿ ಇನ್ನೊಂದು ಜಗಳ. ಹುಳ ಬಲಿತು ಮೈ ಹಳದಿಯಾದರೆ ಹಣ್ಣಾಯಿತು ಅನ್ನುತ್ತಾರೆ. ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ್ದು. ಆ ಸುರುಳಿಯ ಸಂದಿಯಲ್ಲಿ ಹುಳ ಗೂಡು ಕಟ್ಟುತ್ತದೆ. ಒತ್ತೊತ್ತಾಗಿ ಬಿಟ್ಟರೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಅಂಥ ಜೋಡಿಗೂಡಿನಿಂದ ನೂಲು ಸಲೀಸಾಗಿ ಬರುವುದಿಲ್ಲ. ಮುಂಚೆ ಹುಳ ಮೇಯಿಸುತ್ತಿದ್ದದ್ದು ಬಿದಿರು ತಟ್ಟೆಗಳಲ್ಲಿ. ಇಷ್ಟು ತಟ್ಟೆಗೆ ಇಷ್ಟು ಚಂದ್ರಿಕೆ ಅಂತ ಮಹದೇವಮ್ಮನಿಗೆ ಕೈ ಅಂದಾಜು. ಮಗ ತಟ್ಟೆಗಳ ಬದಲು ಹೊಸದಾಗಿ ಉದ್ದನೆಯ ಸ್ಟ್ಯಾಂಡ್ ಮಾಡಿಸಿದ ಮೇಲೆ ಆ ಅಂದಾಜು ಕೈಕೊಟ್ಟಿತು. ಹಿಂದಿನ ಬೆಳೆಯಲ್ಲಿ ಚಂದ್ರಿಕೆ ಸಾಲದೆ ಜೋಡಿಗೂಡೇ ಜೋಡಿಗೂಡು. ಕಮ್ಮಿ ಬಿದ್ದದ್ದನ್ನು ಮಧುವನಹಳ್ಳಿಯಲ್ಲಿದ್ದ ಮಹದೇವಮ್ಮನ ತಮ್ಮನ ಮನೆಯಿಂದ ಮೊದಲೇ ಹೇಳಿ ತರಿಸಬೇಕು. ಎಷ್ಟು ತರಿಸುವುದು? ತಾಯಿ ಒಂದು ಹೇಳಿದರೆ ಮಗ ಇನ್ನೊಂದು. ಹುಳ ಎಣಿಸುವ ಮಾತಂತೂ ಎತ್ತುವ ಹಾಗಿಲ್ಲ.

"ಎಣಿಸದೇನೇ ಹೇಳಬಹುದೇನೋ ಅಜ್ಜಿ" ಅಂದಳು ಸಿಂಚನ. ಎಲ್ಲರೂ ಅವಳತ್ತ ತಿರುಗಿದರು. ಅವಳ ಕಿವಿ ಕೆಂಪಾಯಿತು.

ಅಜ್ಜಿಯ ಒಂದು ಬಳೆ ಇಸಿದುಕೊಂಡು ಸ್ಟ್ಯಾಂಡಿನ ಮೇಲಿಟ್ಟಳು. ಇಂಥ ಬಳೆ ಎಷ್ಟು ಹಿಡಿಯುತ್ತವೆ ಅಂತ ನೋಡುವುದು ಅವಳ ಉಪಾಯ. ನಾನು ತಲೆದೂಗಿದೆ. ಚುಕ್ಕಿ ಮೂಗು ತೂರಿಸಿ, "ಬಳೆ ಬಳೆ ಮಧ್ಯ ಸಂದೀಲಿರೋ ಹುಳ ಯಾರ ಲೆಕ್ಕಕ್ಕೆ?" ಅಂದಳು. ಅಯ್ಯೋ ಬಂಗಾರಿ! ದುಂಡನೆಯದನ್ನು ಪಕ್ಕ ಪಕ್ಕ ಇಟ್ಟರೆ ಸಂದಿ ಉಳಿಯುತ್ತದೆ ಅಂತ ನಾನು ಹೈಸ್ಕೂಲು ಮಕ್ಕಳಿಗೆ ಬೋರ್ಡು ತುಂಬ ಬರೆದರೂ ಯಾರೂ ಹೀಗೆ ಕೇಳಿರಲಿಲ್ಲ. ಎತ್ತಿ ಮುದ್ದಾಡಿಬಿಟ್ಟೆ. ಸಿಂಚನ ಯೋಚಿಸಿ, ಹಿಪ್ಪುನೇರಳೆ ಕಡ್ಡಿಗಳನ್ನು ಸಮನಾಗಿ ಮುರಿದು ಚೌಕ ಕಟ್ಟಿ, ಇಡೀ ಸ್ಟ್ಯಾಂಡಿಗೆ ಅಂಥ ಚೌಕ ಎಷ್ಟು ಹಿಡಿಯುತ್ತವೆ ಅಂತ ಅಳೆದುಕೊಂಡಳು.

ಆ ಚೌಕದೊಳಗಿನ ಹುಳುಗಳನ್ನು ಮಹದೇವಮ್ಮನೇ ಎತ್ತಿ, ಚಂದ್ರಿಕೆಯ ಸುರುಳಿಯಲ್ಲಿ ಎಷ್ಟು ಬಿಡುವಾಗಿ ಬಿಡಬೇಕೋ ಅಷ್ಟು ಬಿಡುವಾಗಿ ಸಾಲಿಟ್ಟು ತೋರಿಸಿದರು. ಆ ಸಾಲಿನುದ್ದಕ್ಕೆ ಸಿಂಚನ ಒಂದು ದಾರ ಕತ್ತರಿಸಿಕೊಂಡಳು. ಹುಳುಗಳು ಸೊಪ್ಪಿಗೆ ವಾಪಸು ಹೋದವು. ಇನ್ನು ಇಡೀ ಚಂದ್ರಿಕೆಯ ಸುರುಳಿ ಎಷ್ಟುದ್ದ? ನಡುವಿನಿಂದ ಹಿಡಿದು ಅಂಚಿನವರೆಗೆ ಸುರುಳಿಗುಂಟ ದಾರ ಹಾಯಿಸಿದಳು. ಆಮೇಲೆ ಚುಕ್ಕಿ ಅದರ ತುದಿ ಹಿಡಿದು ಓಡಿದಳು. ಅಂಗಳ ದಾಟಿದಳು, ಕೊಟ್ಟಿಗೆ ದಾಟಿದಳು, ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಿಂತು "ಇನ್ನೂ ಐತೆ, ಬಿಡು!" ಅಂತ ಕೂಗಿದಳು. ಮಂಚದಷ್ಟು ಅಗಲದ ಚಾಪೆಯೊಳಗೆ ಅಷ್ಟುದ್ದದ ದಾರಿ ಸುತ್ತಿಕೊಂಡಿತ್ತು! ಸಿಂಚನ ಇತ್ತ ತುದಿ ಹಿಡಿದು ಬಾಯಿ ತೆರೆದು ನಿಂತಿದ್ದಳು. ಆ ಮುಖವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಒಂದು ಚೌಕಕ್ಕೆ ಇಷ್ಟು ದಾರ, ಎಲ್ಲ ಚೌಕಕ್ಕೆ ಎಷ್ಟು, ಅಷ್ಟುದ್ದಕ್ಕೆ ಚಂದ್ರಿಕೆ ಎಷ್ಟು ಅಂತ ಗುಣಿಸುವುದು, ಭಾಗಿಸುವುದು ಎಲ್ಲ ಅಂಗಳದ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಡೆಯಿತು. ನನ್ನ ತಲೆಯಲ್ಲಿ ಉತ್ತರ ಬಂದು ಕೂತಿತ್ತು. ನಾಲಗೆ ತುರಿಸುತ್ತಿತ್ತು. ಸೆರಗಿನ ತುದಿ ಕಚ್ಚಿಕೊಂಡು ಕೂತೆ. ಅವಳು ಎರಡು ಸಲ ಅಳಿಸಿ, ಮೂರನೇ ಸಲ ಬರೆದು ಮುಗಿಸಿ, "ಇಷ್ಟು ಬೇಕು ಅಪ್ಪ" ಅಂದಳು. ಮಾರನೆಯ ದಿನ ಮಧುವನಹಳ್ಳಿಯಿಂದ ಟೆಂಪೋದಲ್ಲಿ ಚಂದ್ರಿಕೆ ಬಂದವಂತೆ.

ಹುಳ ಹಣ್ಣಾದ ದಿನ ಶನಿವಾರವಲ್ಲದಿದ್ದರೂ ನಾನು ಓಡಿಹೋಗಿದ್ದೆ. ಮನೆಮಂದಿಯೆಲ್ಲ ಹುಳ ಆಯ್ದು ಬಿಡುತ್ತಿದ್ದರು. ಊಟ ಯಾರಿಗೂ ಬೇಕಿರಲಿಲ್ಲ. ಸಂಜೆಗೆ ಕೊನೆಯ ಹುಳವೂ ಹೋಯಿತು. ನೋಡಿದರೆ ಗೋಡೆಗೆ ಒರಗಿಸಿದ ಹಾಗೆಯೇ ಎರಡು ಚಂದ್ರಿಕೆ ಖಾಲಿ ಉಳಿದಿದ್ದವು. ಸಿಂಚನಳ ಮುಖ ಬಿಳುಚಿತು. ಕೈ ಹೊಟ್ಟೆಯ ಮೇಲೆ ಹೋಯಿತು. "ತಪ್ಪಾಯ್ತು" ಅಂದಳು, ಯಾರಿಗೂ ಕೇಳಿಸದಷ್ಟು ಸಣ್ಣಗೆ. ಶೈಲಜಾ ನನ್ನ ಕೈ ಹಿಡಿದುಕೊಂಡಳು.

ಮಹದೇವಮ್ಮ ಖಾಲಿ ಚಂದ್ರಿಕೆಗಳನ್ನು ನೋಡಿದರು, ಮೊಮ್ಮಗಳನ್ನು ನೋಡಿದರು.

"ಏನಮ್ಮಿ ತಪ್ಪು? ಸಾಲ್ದೆ ಓಗಿದ್ರೆ ತಪ್ಪು. ಮಿಕ್ಕದ್ದು ತಪ್ಪಾದದಾ? ನಾಕು ಜನಕ್ಕೆ ಅನ್ನ ಮಾಡುದ್ರೆ ಒಂದು ಹಿಡಿ ಮಿಗ್ಬೇಕು ಕಣಮ್ಮಿ." ಕೈಗಂಟಿದ್ದ ಎಳೆ ಒರೆಸಿಕೊಂಡು, ಎದ್ದು ಹೋಗುತ್ತ, ತಿರುಗಿಯೂ ನೋಡದೆ ಅಂದರು: "ಮಳೆ ಬಿದ್ಮೇಕೆ ಬರೋ ಬೆಳೆಗೂ ನೀನೇ ಯೋಳ್ಬೇಕು. ನಂಗಿನ್ನ ಆಗಾಕಿಲ್ಲ."

ಮಳೆ ಬಿದ್ದ ಮೇಲಿನ ಬೆಳೆ ಅಂದರೆ ಜೂನ್ ಕಳೆದ ಮೇಲೆ. ಹಾಸ್ಟೆಲ್ಲಿನಲ್ಲಿರುವ ಹುಡುಗಿ ಬಂಡಳ್ಳಿಯಲ್ಲಿ ಚಂದ್ರಿಕೆ ಲೆಕ್ಕ ಹೇಳುವುದು ಹೇಗೆ? ಶೈಲಜಾಳ ಗಂಡ ಮಿಕ್ಕ ಎರಡು ಚಂದ್ರಿಕೆಗಳನ್ನು ಮುಂದಿನ ಬೆಳೆಗೆಂದು ಎತ್ತಿಟ್ಟ. ಶೈಲಜಾ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ನಾನು ಚುಕ್ಕಿಯನ್ನು ಎತ್ತಿಕೊಂಡು, ಅವಳ ಲಂಗದಲ್ಲೇ ಕಣ್ಣೊರೆಸಿಕೊಂಡೆ. ಹೇಳಲು ನಾಚಿಕೆಯೇನಿಲ್ಲ.

ಸಿಂಚನ ಈಗ ನನ್ನ ಭುಜಕ್ಕೆ ಬರುತ್ತಾಳೆ. ಮನೆಯಲ್ಲೇ ಓದುತ್ತಿದ್ದಾಳೆ. ಮೊನ್ನೆ ಬೀಜಗಣಿತದಲ್ಲಿ ನನ್ನ ದಾರಿ ಸುತ್ತುಬಳಸಿನದು ಅಂತ ಜಗಳಕ್ಕೇ ನಿಂತಳು. ಅವಳ ದಾರಿಯೇ ಹತ್ತಿರದ್ದಾಗಿತ್ತು. ಆ ಸಂತೋಷದಲ್ಲೇ ನಾನು ವಾಪಸು ಬಸ್ಸು ಹತ್ತಿದ್ದು, ಗೂಡಿನ ಚೀಲ ಬಂದು ಕಾಲ ಬುಡದಲ್ಲಿ ಕೂತದ್ದು.

ಚೀಲದ ಯಜಮಾನ ಕೇಳಿದ ಪ್ರಶ್ನೆ ಇದು: "ಅಲ್ಲ ಮೇಡಮ್ಮೋರೆ, ಇಷ್ಟು ವರ್ಸದಲ್ಲಿ ಒಟ್ಟು ಎಷ್ಟು ಮಕ್ಕಳಿಗೆ ಪಾಠ ಯೋಳಿದ್ದೀರಿ?"

ನನಗೆ ಆ ಲೆಕ್ಕ ಬಾಯಿಪಾಠ. ಯಾವ ವರ್ಷ, ಯಾವ ಸೆಕ್ಷನ್ನು, ಎಷ್ಟು ತಲೆ, ಎಲ್ಲ ಕೂಡಿಸಿ ಇಟ್ಟುಕೊಂಡಿದ್ದೇನೆ. ಬೀಳ್ಕೊಡುಗೆ ದಿನ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಹೇಳಲೆಂದು ಬಾಯಿ ತೆರೆದೆ. ಹೊಟ್ಟೆಯ ಮೇಲಿದ್ದ ಸಿಂಚನಳ ಕೈ ನೆನಪಾಯಿತು. ಬದುವಿನಲ್ಲಿ ನಿಂತು ಕೂಗಿದ ಚುಕ್ಕಿ, ಪಕ್ಕದಲ್ಲೇ ಕೂತಿದ್ದ, ಹೆಸರು ನೆನಪಾಗದ ಈ ಶಿಷ್ಯ. ಎಲ್ಲಿ ಕಣ್ಣಾದೀತೋ ಅಂತ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

"ಬಸ್ಸು ತುಂಬ ಅವೆ ಕಣಪ್ಪಾ" ಅಂದೆ.