ಕೂಡದ ಮೂಲೆಗಳು

ಕನ್ನಡದ ‘ಉಚಿತ’ ಎಂಬ ಪದಕ್ಕೆ ಎರಡು ಮುಖ. ಬೆಲೆಯಿಲ್ಲದ್ದೂ ಉಚಿತ, ತಕ್ಕದ್ದೂ ಉಚಿತ. ಸಂತೆಯಲ್ಲಿ ಬದನೆಕಾಯಿ ಕೊಂಡಾಗ ಮೇಲೆ ಬೀಳುವ ಕರಿಬೇವಿನ ಎಸಳಿಗೆ ಎರಡೂ ಅರ್ಥಗಳು ಹೊಂದುತ್ತವೆ. ಆದರೆ ಈ ಎರಡರ ನಡುವಿನ ಅಂತರವನ್ನು, ವ್ಯಾಕರಣದ ಗಂಧವೂ ಇಲ್ಲದ ನನಗೆ ಕಲಿಸಿದ್ದು ಸವದತ್ತಿಯ ನನ್ನ ಪುಟ್ಟ ಅಂಗಡಿಯಲ್ಲಿದ್ದ ಒಂದು ಕಂಪ್ಯೂಟರು.

ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ಲಗ್ನಪತ್ರಿಕೆ ತಯಾರಿಸುವುದು ನನ್ನ ಕಸುಬು. ಗಣಪತಿಯನ್ನು ಎಡದಿಂದ ಬಲಕ್ಕೆ ಸರಿಸುವುದನ್ನೇ ವಿನ್ಯಾಸಕಲೆಯೆಂದು ನಂಬಿ ಬೀಗುತ್ತಿದ್ದವಳು ನಾನು. ಅಲ್ಲಿಗೊಂದು ದಿನ ನಮ್ಮ ಓಣಿಯ ಗುರುಪಾದಪ್ಪ ಕಾಕಾ ಬಂದರು. ನವಿಲುತೀರ್ಥದ ಅಣೆಕಟ್ಟಿನ ಕಚೇರಿಯಲ್ಲಿ ಮೂವತ್ತು ವರ್ಷ ಕಾಲುವೆಗಳ ನಕ್ಷೆ ಬರೆದು ನಿವೃತ್ತರಾದವರು. ಹತ್ತಿರದ ಹೂಲಿಯ ಪಾಳು ಗುಡಿಯೊಂದರ ನಕ್ಷೆ ಬರೆಯಬೇಕೆಂಬುದು ಅವರ ಬಹುದಿನದ ಆಸೆ. ಗುಡಿಯ ಅಳತೆಯೂ ಮುಗಿದಿತ್ತು. ಟೇಪಿನ ಇನ್ನೊಂದು ತುದಿ ಹಿಡಿದವರು ಅವರ ಹೆಂಡತಿ ಶಾಂತವ್ವ ಕಾಕು. ಅಷ್ಟರಲ್ಲಿ ಕಾಕಾರ ಬಲಗೈಗೆ ನಡುಕದ ಬೇನೆ ಹತ್ತಿತು. ಅಳತೆಗಳು ನೋಟುಬುಕ್ಕಿನಲ್ಲಿ ಉಳಿದವು, ಗೆರೆ ಎಳೆಯುವ ಕೈ ಉಳಿಯಲಿಲ್ಲ.

“ಯವ್ವಾ, ಕಂಪ್ಯೂಟರಿನ್ಯಾಗ ನಡಗೋ ಕೈಲೆನೂ ಸೀದಾ ಗೆರಿ ಬರತಾವಂತ, ಖರೇನ?” ಎಂದು ಕೇಳಿದರು.

ಖರೆಯೇ ಆಗಿತ್ತು. ನನ್ನ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಎರಡು ಸಾಫ್ಟ್‌ವೇರ್ ಸಾಧನಗಳಿದ್ದವು. ಒಂದು, ಮಾಸಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿದ್ದ ಪುಕ್ಕಟೆಯದು. ಇನ್ನೊಂದು ಬಲು ತುಟ್ಟಿಯದು. ಒಂದು ತಿಂಗಳು ಬಳಸಿ ನೋಡಲು ಬಿಡುತ್ತಿತ್ತು, ಆಮೇಲೆ ಕೊಳ್ಳಬೇಕು. ನಕಲು ಸಿಡಿಯೂ ಸಿಗುತ್ತದೆ, ತರಿಸಲೇ ಎಂದೆ. ಕಾಕಾ ಬೇಡವೆಂದು ತಲೆಯಾಡಿಸಿದರು. “ಕಚೇರಿ ಪೆನ್ಸಿಲ್ ಸೈತ ಮನಿಗೆ ತಂದಾಂವಲ್ಲ ನಾ. ಈ ವಯಸ್ಸಿನ್ಯಾಗ ಕಳುವು ಬ್ಯಾಡ.”

ತುಟ್ಟಿಯದರಿಂದಲೇ ಶುರುಮಾಡಿದರು. ಅದಕ್ಕೊಂದು ಗುಣವಿತ್ತು: ಗೆರೆಯ ತುದಿಯನ್ನು ಮೂಲೆಯ ಸಮೀಪ ಒಯ್ದರೆ ಸಾಕು, ತಾನೇ ಸೆಳೆದುಕೊಂಡು ಕರಾರುವಾಕ್ಕಾಗಿ ಕೂಡಿಸುತ್ತಿತ್ತು. ಕೈ ನೆಟ್ಟಗಿದ್ದವರಿಗೆ ಅದೊಂದು ಅನುಕೂಲ. ಕಾಕಾಗೆ ಅದು ಕಳೆದುಹೋದ ಕೈಯೇ. ಮೊದಲ ಮೂಲೆ ಕೂಡಿದಾಗ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, “ನನ್ನ ಗೆರಿನ ಐತಿ ಇದು” ಎಂದು ಮೆಲ್ಲಗೆ ಅಂದರು.

ಅರ್ಧ ಗುಡಿ ಏಳುವಷ್ಟರಲ್ಲಿ ತಿಂಗಳು ಮುಗಿಯಿತು. ಸಾಧನ ಬಾಗಿಲು ಹಾಕಿಕೊಂಡಿತು. ಬರೆದ ನಕ್ಷೆಯನ್ನು ತೆರೆಯಲೂ ಬಿಡಲಿಲ್ಲ. “ಲಗ್ನದ ಸುಗ್ಗಿ ಮುಗೀಲಿ ಕಾಕಾ, ಕೊಂಡು ತರ್ತೇನಿ” ಎಂದೆ. ಸುಗ್ಗಿ ಮುಗಿಯಿತು. ನಾನು ತಂದದ್ದು ಬಣ್ಣದ ಪ್ರಿಂಟರು. ಬೈಲಹೊಂಗಲದ ಅಂಗಡಿಗಳಲ್ಲಿ ಆಗಲೇ ಬಂದಿತ್ತು, ನನಗೂ ಬೇಕಿತ್ತು, ಗಿರಾಕಿಗಳೂ ಕೇಳುತ್ತಿದ್ದರು. ಹೀಗೆ ನಾನು ಕೊಟ್ಟುಕೊಂಡ ಕಾರಣಗಳಿಗೆ ಲೆಕ್ಕವಿರಲಿಲ್ಲ. ಕಾಕಾ ಪ್ರಿಂಟರನ್ನು ನೋಡಿದರು, ಚಲೋ ಐತಿ ಎಂದರು. ಮರುದಿನ ಬಂದು ಪುಕ್ಕಟೆಯ ಸಾಧನದಲ್ಲಿ ಮೊದಲ ಗೆರೆಯಿಂದ ಮತ್ತೆ ಶುರುಮಾಡಿದರು.

ಅದು ಪುಕ್ಕಟೆ ನಿಜ, ಆ ಕೈಗೆ ತಕ್ಕದ್ದಲ್ಲ; ಮೂಲೆ ಕೂಡಿಸುತ್ತಿರಲಿಲ್ಲ. ಕೈ ನಡುಗಿದಲ್ಲಿ ಗೆರೆ ನಿಲ್ಲುತ್ತಿತ್ತು. ಒಂದು ಮೂಲೆಗೆ ಏಳೆಂಟು ಸಲ ಅಳಿಸಿ ಬರೆದು, ಕೊನೆಗೆ ಕೂದಲೆಳೆಯಷ್ಟು ಸಂದು ಬಿಟ್ಟು ಮುಂದೆ ಸಾಗುತ್ತಿದ್ದರು. ಪಕ್ಕದ ಮೇಜಿನಲ್ಲಿ ಕುಳಿತು ನಾನು ಅಚ್ಚಾದ ಪತ್ರಿಕೆಗಳಲ್ಲಿ ವಧುವರರ ಹೆಸರಿಗೆ ಕೈಯಿಂದ ಬಂಗಾರದ ಬಣ್ಣ ತುಂಬುತ್ತಿದ್ದೆ. ಒಮ್ಮೆ ಬಾಯಿಬಿಟ್ಟು ಕೇಳಿದ್ದರೆ ಕೊಳ್ಳುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ. ಐದು ತಿಂಗಳಿಗೆ ನಕ್ಷೆ ಮುಗಿಯಿತು. ಅದನ್ನು ಕಾಗದದ ಮೇಲೆ ತೆಗೆಯುವ ಮೊದಲೇ, ದೀಪಾವಳಿ ಕಳೆದ ವಾರದಲ್ಲಿ, ಕಾಕಾ ಎದೆನೋವಿನಿಂದ ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ನಾನು ಆ ತುಟ್ಟಿ ಸಾಧನವನ್ನು ಕೊಂಡೆ. ಮುಚ್ಚಿಕೊಂಡಿದ್ದ ಅರ್ಧ ಗುಡಿ ಕೂಡಲೇ ತೆರೆಯಿತು, ಒಂದು ಗೆರೆಯೂ ಕೆಟ್ಟಿರಲಿಲ್ಲ. ಎರಡೂ ನಕ್ಷೆಗಳನ್ನು ಅಚ್ಚು ಹಾಕಿ, ಶಾಂತವ್ವ ಕಾಕುವನ್ನು ಕರೆದು ಮುಂದಿಟ್ಟೆ.

ಕಾಕು ಮೊದಲು ಪೂರ್ತಿಯಾದದ್ದನ್ನು ನೋಡಿದರು. ಸಂದು ಬಿಟ್ಟ ಮೂಲೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. “ಇವನ್ನೆಲ್ಲಾ ಕೂಡಿಸಿ ಕೊಡ್ಲೇನ್ರಿ ಕಾಕು? ಈಗ ಬರತೈತಿ” ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ, ಅರ್ಧದ್ದನ್ನು ಹತ್ತಿರ ಎಳೆದುಕೊಂಡರು.

“ಕೈ ಚಲೋ ಇದ್ದಾಗ ಹಿಂಗ ಬರೀತಿದ್ರು ನೋಡ. ಇದನ್ನ ಒಯ್ತೇನಿ” ಎಂದು ಅದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬಿಸಿಲಿಗಿಳಿದರು.

ಪೂರ್ತಿ ಗುಡಿ ನನ್ನಲ್ಲೇ ಉಳಿಯಿತು. ಆಗಾಗ ತೆರೆದು ನೋಡುತ್ತೇನೆ. ಒಂದು ಮೂಲೆಯನ್ನೂ ಕೂಡಿಸಿಲ್ಲ.