ಹಾಜರಿ ಪುಸ್ತಕದಲ್ಲಿ ಬರೆದ ಕಾರಣ

ಅರವತ್ತರ ದಶಕದ ಮೊದಲಲ್ಲಿ ತಿಕೋಟಾದ ಆಚೆ ಒಂದು ಹಳ್ಳಿಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ, ಹನುಮಪ್ಪನ ಗುಡಿಯ ಮಂಟಪದಲ್ಲೇ ಮಕ್ಕಳು ಕೂರುತ್ತಿದ್ದರು. ನಾನು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಬೆಳೆದವಳು. ಮುಟ್ಟಾದರೆ ಮನೆಯ ಮೂಲೆ ಹಿಡಿಯುವುದು ಗೊತ್ತಿತ್ತು, ಊರ ಮುಂದೆ ಹೇಳಿಕೊಳ್ಳುವುದು ಗೊತ್ತಿರಲಿಲ್ಲ.

ಗುಡಿಯ ಉಸ್ತುವಾರಿ ಊರಿನ ಒಬ್ಬ ಹಿರಿಯನದು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ನಾಲ್ಕು ಗಂಡಸರ ಎದುರಿಗೇ ಕೇಳುತ್ತಿದ್ದ: “ಅಕ್ಕೋರ, ಇವತ್ತ ಒಳಗ ಬರಾಕ ಅಡ್ಡಿ ಇಲ್ಲ ಹೌದಿಲ್ರಿ?”

ಅಡ್ಡಿ ಇದ್ದ ದಿನ ತಲೆ ತಗ್ಗಿಸಿ ತಿರುಗಿ ಹೋಗುತ್ತಿದ್ದೆ. ಶಾಲೆಗೆ ಇದ್ದವಳು ನಾನೊಬ್ಬಳೇ, ಅಂದು ಪಾಠವಿಲ್ಲ. ಬೆನ್ನ ಹಿಂದೆ ನಗು. ಸಂಜೆ ಅದೇ ಮಂಟಪದಲ್ಲಿ ಅವನು ಇಸ್ಪೀಟು ಆಡುತ್ತ ಎಲೆಯಡಿಕೆ ಉಗುಳುತ್ತಿದ್ದ. ಮರುದಿನ ಆ ಕೆಂಪು ಕಲೆ ಒರೆಸಿ ಪಾಠ ಶುರು ಮಾಡುತ್ತಿದ್ದವಳು ನಾನು.

ಒಂದು ವರ್ಷ ನುಂಗಿಕೊಂಡೆ. ಆಮೇಲೆ ಸೇಡಿಗೆ ದಾರಿ ಹೊಳೆಯಿತು. ಶಾಲೆ ನಡೆಯದ ದಿನ ಹಾಜರಿ ಪುಸ್ತಕದಲ್ಲಿ ಕಾರಣ ಬರೆಯಬೇಕಿತ್ತು. ಅಲ್ಲಿಯವರೆಗೆ ‘ಅನಾರೋಗ್ಯ’ ಎನ್ನುತ್ತಿದ್ದವಳು ಇದ್ದದ್ದನ್ನೇ ಬರೆಯತೊಡಗಿದೆ: ‘ಶಿಕ್ಷಕಿ ಮುಟ್ಟಾಗಿದ್ದಾರೆ. ಗುಡಿಯ ಹಿರಿಯರು ಒಳಗೆ ಬಿಡಲಿಲ್ಲ.’ ದುಂಡನೆಯ ಅಕ್ಷರದಲ್ಲಿ, ತಿಂಗಳು ತಿಂಗಳು. ಬರೆಯುವಾಗ ಒಳಗೊಳಗೇ ಖುಷಿಯಾಗುತ್ತಿತ್ತು.

ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದ ದಿನ ಊರೆಲ್ಲ ಮಂಟಪದ ಮುಂದೆ ನೆರೆದಿತ್ತು. ಪುಸ್ತಕ ತಿರುವಿದ ಅವರ ಮುಖ ಕೆಂಪಾಯಿತು.

“ಏನ್ರಿ ಇದು?”

“ನನಗ್ಯಾಕ ಕೇಳ್ತೀರಿ ಸಾಹೇಬ್ರ? ಹಿರ್ಯಾರು ಇಲ್ಲೇ ಅದಾರ. ದಿನಾ ನನ್ನ ಕೇಳ್ತಾರ, ಇವತ್ತ ಅವರ ಹೇಳ್ಲಿ.”

ಸಾಹೇಬರು ಪುಸ್ತಕವನ್ನು ಅವನ ಕೈಗಿಟ್ಟು, “ಜೋರಾಗಿ ಓದ್ರಿ” ಎಂದರು. “ಶಿಕ್ಷಕಿ…” ಎಂದವನು ನಿಂತುಬಿಟ್ಟ.

ಹೆಂಗಸರ ನಡುವಿನಿಂದ ಒಬ್ಬ ಮುದುಕಿ, “ಓದೋ ಯಪ್ಪಾ! ದಿನಾ ಕೇಳುಮುಂದ ಬರದ ನಾಚಿಕಿ ಈಗ್ಯಾಕ ಬಂತು?” ಎಂದಳು. ಜನ ಗೊಳ್ಳೆಂದು ನಕ್ಕರು. ಅವನು ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ತಲೆ ತಗ್ಗಿಸಿ ಹೋಗುವುದನ್ನು ನಾನು ಕಣ್ತುಂಬ ನೋಡಿದೆ.

ತಿಂಗಳೊಳಗೆ ಶಾಲೆ ಒಬ್ಬ ಮುಸಲ್ಮಾನ ವ್ಯಾಪಾರಿಯ ಪಡಸಾಲೆಗೆ ಹೋಯಿತು. ಅಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹಿರಿಯ ಕಟ್ಟೆಗೆ ಬರುವುದನ್ನು ಬಿಟ್ಟ. ತನ್ನ ಮೊಮ್ಮಗಳನ್ನೂ ಶಾಲೆ ಬಿಡಿಸಿದ. ತರಗತಿಯಲ್ಲಿ ಅವಳಷ್ಟು ಚುರುಕಿನ ಹುಡುಗಿ ಇನ್ನೊಬ್ಬಳಿರಲಿಲ್ಲ. ಕರೆಯಲು ಮನೆಗೇ ಹೋದೆ.

“ತಪ್ಪಾತು ಅನ್ರಿ, ಕಳಸ್ತೀನಿ” ಎಂದ ಬಾಗಿಲಲ್ಲಿ ನಿಂತು.

ನಾನು ಅನ್ನಲಿಲ್ಲ. ನನಗೆ ಬಬಲೇಶ್ವರಕ್ಕೆ ವರ್ಗವಾಗುವ ಮೊದಲೇ ಅವಳನ್ನು ಕನಮಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.